ಮಿಂಚಿನ ಲೆಕ್ಕ, ವಿಮಾನದ ಲೆಕ್ಕ

ಪ್ರಶ್ನೆ: ಮಿಂಚು, ಮಣ್ಣು, ಕಾಡ್ಗಿಚ್ಚುಗಳಿಂದ ಬರುವ ನೈಟ್ರೋಜನ್ ಆಕ್ಸೈಡುಗಳ ಮುಂದೆ ವಿಮಾನಗಳದ್ದು ಲೆಕ್ಕಕ್ಕೇ ಇಲ್ಲ ಎಂದು ನನ್ನ ಗೆಳೆಯರೊಬ್ಬರು ವಾದಿಸುತ್ತಾರೆ. ಇದು ಸರಿಯೇ? ವಿಮಾನಗಳು ಓಝೋನನ್ನು ನಾಶಮಾಡುತ್ತವೆ ಎಂದು ಒಂದು ಕಡೆ ಓದಿದೆ, ಹೆಚ್ಚಿಸುತ್ತವೆ ಎಂದು ಇನ್ನೊಂದು ಕಡೆ. ಯಾವುದನ್ನು ನಂಬಬೇಕು? ಹೈಡ್ರೋಜನ್ ಇಂಧನದ ವಿಮಾನಗಳು ಬಂದರೆ ಈ ತೊಂದರೆ ತಪ್ಪುತ್ತದೆಯೇ?

ಉತ್ತರ: ನಿಮ್ಮ ಗೆಳೆಯರ ಅಂಕಿಗಳಲ್ಲಿ ತಪ್ಪಿಲ್ಲ, ಅವುಗಳಿಂದ ಅವರು ತೆಗೆದ ತೀರ್ಮಾನದಲ್ಲಿ ಇದೆ. ನೀವು ಓದಿದ ಎರಡು ಮಾತುಗಳೂ ನಿಜ. ಈ ಅನಿಲಗಳ ವಿಷಯದಲ್ಲಿ ಎಷ್ಟು ಬಿಟ್ಟಿರಿ ಎಂದು ಕೇಳುವ ಮೊದಲು ಯಾವ ಎತ್ತರದಲ್ಲಿ ಬಿಟ್ಟಿರಿ ಎಂದು ಕೇಳಬೇಕು. ಅದೇ ಅಣು ನೆಲದ ಹತ್ತಿರ ಒಂದು ರೀತಿ ನಡೆದುಕೊಳ್ಳುತ್ತದೆ, 11 ಕಿಲೋಮೀಟರ್ ಮೇಲೆ ಇನ್ನೊಂದು ರೀತಿ, 20 ಕಿಲೋಮೀಟರ್ ಮೇಲೆ ಮತ್ತೂ ಒಂದು ರೀತಿ.

ಮೊದಲು ಇವು ಹುಟ್ಟುವ ಬಗೆ. ಗಾಳಿಯಲ್ಲಿ ಶೇಕಡ 78ರಷ್ಟು ನೈಟ್ರೋಜನ್ ಇದ್ದರೂ ಅದು ಯಾರ ಗೊಡವೆಗೂ ಹೋಗುವುದಿಲ್ಲ. ಎರಡು ಪರಮಾಣುಗಳನ್ನು ಹಿಡಿದಿಟ್ಟಿರುವ ಮೂರೆಳೆಯ ಬಂಧ ಅಷ್ಟು ಬಿಗಿ. ಅದನ್ನು ಬಿಡಿಸಲು ಭಾರೀ ಬಿಸಿ ಬೇಕು. ಮಿಂಚಿನ ಕಾಲುವೆಯಲ್ಲಿ ಕ್ಷಣಕಾಲ ಸುಮಾರು 30,000 ಡಿಗ್ರಿ ಇರುತ್ತದೆ. ಜೆಟ್ ಎಂಜಿನ್ನಿನ ದಹನ ಕೋಣೆಯಲ್ಲಿ ಜ್ವಾಲೆಯ ಬಿಸಿ 2,000 ಡಿಗ್ರಿಯ ಆಸುಪಾಸು. ಎರಡೂ ಕಡೆ ನಡೆಯುವುದು ಒಂದೇ ಕೆಲಸ. ಬಿಡಿ ಆಕ್ಸಿಜನ್ ಪರಮಾಣು ನೈಟ್ರೋಜನ್ ಅಣುವಿಗೆ ಬಡಿದು ನೈಟ್ರಿಕ್ ಆಕ್ಸೈಡ್ ಆಗುತ್ತದೆ, ಗಾಳಿ ಥಟ್ಟನೆ ತಣ್ಣಗಾದಾಗ ಅದು ಹಿಂತಿರುಗಲಾಗದೆ ಹಾಗೆಯೇ ಉಳಿದುಬಿಡುತ್ತದೆ. ಮಿಂಚು ಗಾಳಿಯ ನೈಟ್ರೋಜನ್ನನ್ನು ಹೀಗೆ ಕಟ್ಟಿಹಾಕುತ್ತದೆ ಎಂದು ಜರ್ಮನಿಯ ರಸಾಯನವಿಜ್ಞಾನಿ ಲೀಬಿಗ್ 1827ರಲ್ಲೇ ಸೂಚಿಸಿದ್ದರು. ಮಣ್ಣಿನ ಸೂಕ್ಷ್ಮಜೀವಿಗಳು ಮಾತ್ರ ಬಿಸಿಯ ಹಂಗಿಲ್ಲದೆ, ಅಮೋನಿಯ ಮತ್ತು ನೈಟ್ರೇಟುಗಳನ್ನು ಅರಗಿಸಿಕೊಳ್ಳುವಾಗ ಇದನ್ನು ಹೊರಬಿಡುತ್ತವೆ. ಒಣಗಿ ಬಿರಿದ ನೆಲಕ್ಕೆ ಮೊದಲ ಮಳೆ ಬಿದ್ದಾಗ ಇದು ಒಮ್ಮೆಲೇ ಉಕ್ಕುತ್ತದೆ.

ನೈಟ್ರಿಕ್ ಆಕ್ಸೈಡ್ ಹಗಲು ಬೆಳಕಿನಲ್ಲಿ ನಿಮಿಷಗಳೊಳಗೆ ನೈಟ್ರೋಜನ್ ಡೈಆಕ್ಸೈಡ್ ಆಗುತ್ತದೆ, ಅದು ಮತ್ತೆ ಇದಾಗುತ್ತದೆ. ಇಬ್ಬರನ್ನೂ ಬೇರೆ ಬೇರೆ ಎಣಿಸುವುದರಲ್ಲಿ ಅರ್ಥವಿಲ್ಲದ್ದರಿಂದ ವಾಯುಮಂಡಲ ರಸಾಯನದವರು ಎರಡನ್ನೂ ಸೇರಿಸಿ ‘ನಾಕ್ಸ್’ ಎನ್ನುತ್ತಾರೆ. ನಾನೂ ಹಾಗೆಯೇ ಕರೆಯುತ್ತೇನೆ.

ಈಗ ನಿಮ್ಮ ಗೆಳೆಯರ ಲೆಕ್ಕ. ನಾಕ್ಸ್‌ನಲ್ಲಿರುವ ನೈಟ್ರೋಜನ್ನಿನ ತೂಕವನ್ನಷ್ಟೇ ಹಿಡಿದರೆ, ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್‌ಗಳನ್ನು ಉರಿಸುವುದರಿಂದ ವರ್ಷಕ್ಕೆ ಹೆಚ್ಚುಕಡಿಮೆ 3 ಕೋಟಿ ಟನ್ ಹೊರಬರುತ್ತದೆ. ಮಣ್ಣಿನಿಂದ 50 ಲಕ್ಷದಿಂದ 1 ಕೋಟಿ ಟನ್, ಕಾಡು ಮತ್ತು ಹುಲ್ಲುಗಾವಲಿನ ಬೆಂಕಿಯಿಂದ ಸುಮಾರು 50 ಲಕ್ಷ ಟನ್. ಮಿಂಚಿನ ಪಾಲು 20ರಿಂದ 80 ಲಕ್ಷ ಟನ್‌ಗಳ ನಡುವೆ ಎಲ್ಲೋ ಇದೆ, ನಡುವಿನ ಅಂದಾಜು 50 ಲಕ್ಷ. ವಿಮಾನಗಳದ್ದು 2018ರ ಲೆಕ್ಕದಲ್ಲಿ ಸುಮಾರು 14 ಲಕ್ಷ ಟನ್. ಎಲ್ಲ ಮೂಲಗಳೂ ಕೂಡಿದ ಮೊತ್ತದಲ್ಲಿ ಇದು ಶೇಕಡ 3ರ ಆಜುಬಾಜು.

ಮಿಂಚಿನ ಅಂಕಿ ಇಷ್ಟು ಸಡಿಲವಾಗಿರುವುದೇಕೆ ಎಂದು ತಿಳಿಯಲು ಅದನ್ನು ಹೇಗೆ ಕಟ್ಟುತ್ತಾರೆಂದು ನೋಡಬೇಕು. ಉಪಗ್ರಹದಲ್ಲಿ ಕುಳಿತ ಉಪಕರಣಗಳು ಮಿಂಚನ್ನು ಎಣಿಸಿವೆ. ಇಡೀ ಭೂಮಿಯಲ್ಲಿ ಸೆಕೆಂಡಿಗೆ ಸರಾಸರಿ 44 ಮಿಂಚು, ಎಂದರೆ ವರ್ಷಕ್ಕೆ ಸುಮಾರು 140 ಕೋಟಿ. (ಉಪಗ್ರಹಗಳಿಗೆ ಮುಂಚೆ ದಶಕಗಳ ಕಾಲ ಸೆಕೆಂಡಿಗೆ 100 ಎಂದು ನಂಬಲಾಗಿತ್ತು. 1925ರ ಆ ಅಂದಾಜು ಪುಸ್ತಕದಿಂದ ಪುಸ್ತಕಕ್ಕೆ ನಕಲಾಗುತ್ತಾ ಬಂದಿತ್ತು.) ಒಂದು ಮಿಂಚಿನಿಂದ ಸರಾಸರಿ 250 ಮೋಲ್ (ಅಣುಗಳನ್ನು ಎಣಿಸುವ ಅಳತೆ) ನೈಟ್ರಿಕ್ ಆಕ್ಸೈಡ್ ಹುಟ್ಟುತ್ತದೆ ಎಂದು ಹಿಡಿದರೆ ಅದರಲ್ಲಿ ಮೂರೂವರೆ ಕಿಲೋ ನೈಟ್ರೋಜನ್ ಇರುತ್ತದೆ. ಗುಣಿಸಿ ನೋಡಿ, 49 ಲಕ್ಷ ಟನ್ ಬರುತ್ತದೆ. ಎಣಿಕೆ ಬಹುಮಟ್ಟಿಗೆ ಗಟ್ಟಿ. ಸಡಿಲವಾಗಿರುವುದು ಆ 250. ಎರಡು ಮಿಂಚುಗಳು ಉದ್ದದಲ್ಲಾಗಲಿ ಶಕ್ತಿಯಲ್ಲಾಗಲಿ ಒಂದೇ ಸಮ ಇರುವುದಿಲ್ಲ, ಗುಡುಗು ಮೋಡದ ಒಳಗೆ ವಿಮಾನ ನುಗ್ಗಿಸಿ ಅಳೆಯುವುದೂ ಮಕ್ಕಳಾಟವಲ್ಲ.

ಇದೇ ತಕ್ಕಡಿಯಲ್ಲಿ ಒಂದು ವಿಮಾನವನ್ನು ಇಟ್ಟು ನೋಡೋಣ. ಎರಡು ಎಂಜಿನ್‌ಗಳ ದೊಡ್ಡ ದೂರಪ್ರಯಾಣದ ವಿಮಾನ ಗಂಟೆಗೆ ಸುಮಾರು 6 ಟನ್ ಇಂಧನ ಉರಿಸುತ್ತದೆ. ಪ್ರತಿ ಕಿಲೋ ಇಂಧನಕ್ಕೆ ಸುಮಾರು 15 ಗ್ರಾಂ ನಾಕ್ಸ್. ಅಂದರೆ ಗಂಟೆಗೆ 90 ಕಿಲೋ, ಅದರಲ್ಲಿ ನೈಟ್ರೋಜನ್ 27 ಕಿಲೋ. ಎಂಟು ಮಿಂಚುಗಳಿಗೆ ಸಮ. ಗಂಟೆಗೆ ಎಂಟು ಮಿಂಚು ಹೊಡೆಯುವ ಮೋಡವನ್ನು ಯಾರೂ ತಲೆಯೆತ್ತಿ ನೋಡುವುದಿಲ್ಲ, ಒಪ್ಪುತ್ತೇನೆ. ಆದರೆ ವಿಮಾನವೆಂಬ ಈ ಮೋಡ ಚದುರುವುದಿಲ್ಲ. ಚಳಿಗಾಲ, ಬೇಸಿಗೆ, ನಡುರಾತ್ರಿ ಎನ್ನದೆ ಅದೇ ದಾರಿಯಲ್ಲಿ ಒಂದರ ಹಿಂದೆ ಒಂದು ಬರುತ್ತಲೇ ಇರುತ್ತದೆ.

ದಾರಿ ಎಂದೆ. ವಾದ ನಿಲ್ಲುವುದೂ ಬೀಳುವುದೂ ಅಲ್ಲಿಯೇ. ವಾಹನದ ಹೊಗೆಕೊಳವೆಯಿಂದ, ಮಣ್ಣಿನಿಂದ ಬಂದ ನಾಕ್ಸ್ ನೆಲದ ಹತ್ತಿರದ ಗಾಳಿಯಲ್ಲಿ ಕೆಲವು ಗಂಟೆ, ಹೆಚ್ಚೆಂದರೆ ಒಂದು ದಿನ ಬದುಕುತ್ತದೆ. ಅಷ್ಟರಲ್ಲಿ ಹೈಡ್ರಾಕ್ಸಿಲ್ ಎಂಬ ಚುರುಕಿನ ತುಣುಕು ಅದನ್ನು ಹಿಡಿದು ನೈಟ್ರಿಕ್ ಆಮ್ಲ ಮಾಡುತ್ತದೆ, ಮಳೆ ತೊಳೆದುಹಾಕುತ್ತದೆ. ಹಾಗಾಗಿ ಕೆಳಗಿನ 3 ಕೋಟಿ ಟನ್‌ಗಳಲ್ಲಿ ಮೇಲಕ್ಕೆ ಮುಟ್ಟುವುದು ಚೂರುಪಾರು. ವಿಮಾನಗಳಾದರೋ ತಮ್ಮ ನಾಕ್ಸ್‌ನ ಶೇಕಡ 90ರಷ್ಟನ್ನು ನೇರವಾಗಿ ಎತ್ತರದಲ್ಲಿ, ಬಹುಪಾಲನ್ನು 9ರಿಂದ 12 ಕಿಲೋಮೀಟರ್‌ಗಳ ನಡುವೆ ಬಿಡುತ್ತವೆ. ಅಲ್ಲಿ ಅದರ ಆಯುಸ್ಸು ಹಲವು ದಿನಗಳು. ತೊಳೆಯುವ ಮಳೆಯೂ ಅಲ್ಲಿಲ್ಲ. ಬೇರೆ ನಾಕ್ಸ್ ಕೂಡ ಅತಿ ಕಡಿಮೆ. ನೂರು ಕೋಟಿ ಅಣುಗಳಲ್ಲಿ ಒಂದು ಸಿಕ್ಕಿದರೆ ಹೆಚ್ಚು.

ಈ ಎತ್ತರದಲ್ಲಿ ಮನುಷ್ಯರ ವಿಮಾನಕ್ಕೆ ನಿಜವಾದ ಎದುರಾಳಿ ಮಿಂಚು ಒಂದೇ. ಗುಡುಗು ಮೋಡದ ಮೇಲ್ಮುಖ ಗಾಳಿ ತನ್ನೊಳಗೆ ಹುಟ್ಟಿದ ನಾಕ್ಸನ್ನು ಎತ್ತಿಕೊಂಡು ಹೋಗಿ ಮೋಡದ ತಲೆಯಲ್ಲಿ ಸುರಿಯುತ್ತದೆ. ಹಾಗಾಗಿ ನಿಮ್ಮ ಗೆಳೆಯರು ಮಣ್ಣನ್ನೂ ಕಾಡ್ಗಿಚ್ಚನ್ನೂ ಬಿಟ್ಟು ಮಿಂಚನ್ನು ಮಾತ್ರ ಹಿಡಿದಿದ್ದರೆ ಅವರ ವಾದಕ್ಕೆ ಹೆಚ್ಚು ಬಲ ಬರುತ್ತಿತ್ತು. ಆದರೆ ಮಿಂಚಿನ ಮುಕ್ಕಾಲು ಪಾಲಿಗೂ ಹೆಚ್ಚು ಭೂಮಧ್ಯರೇಖೆಯ ಎರಡೂ ಬದಿಗೆ 30 ಡಿಗ್ರಿಗಳೊಳಗೆ, ಬಹುಪಾಲು ನೆಲದ ಮೇಲೆ, ಮಧ್ಯಾಹ್ನ ಕಳೆದ ಮೇಲೆ ಹೊಡೆಯುತ್ತದೆ. ಕಾಂಗೋ ಜಲಾನಯನ, ವೆನೆಜುವೆಲಾದ ಮಾರಾಕೈಬೊ ಸರೋವರ ಇದರ ರಾಜಧಾನಿಗಳು. ವಿಮಾನಗಳ ದಟ್ಟಣೆ ಇರುವುದು ಉತ್ತರ ಅಮೆರಿಕ, ಉತ್ತರ ಅಟ್ಲಾಂಟಿಕ್, ಯುರೋಪ್, ಪೂರ್ವ ಏಷ್ಯಾಗಳ ಮೇಲೆ. ಅಟ್ಲಾಂಟಿಕ್ ದಾರಿಯಲ್ಲಿ ಜನವರಿ ತಿಂಗಳಲ್ಲಿ ಮಿಂಚು ಅಪರೂಪ, ವಿಮಾನಕ್ಕೆ ರಜೆ ಇಲ್ಲ. ಜಾಗತಿಕ ಮೊತ್ತದಲ್ಲಿ ಶೇಕಡ 3 ಎಂದು ಕಾಣುವ ಮೂಲ ಅಲ್ಲಿ, ಆ ಎತ್ತರದಲ್ಲಿ, ಮುಂಚೂಣಿಯ ಮೂಲವಾಗಿಬಿಡುತ್ತದೆ.

ಅಲ್ಲಿ ನಾಕ್ಸ್ ಮಾಡುವ ಕೆಲಸ ಓಝೋನ್ ತಯಾರಿ. ಕಾರ್ಬನ್ ಮಾನಾಕ್ಸೈಡ್ ಮತ್ತು ಮಿಥೇನ್ ಗಾಳಿಯಲ್ಲಿ ನಿಧಾನವಾಗಿ ಉತ್ಕರ್ಷಣಗೊಳ್ಳುವಾಗ ಒಂದು ಹೈಡ್ರೋಜನ್ ಎರಡು ಆಕ್ಸಿಜನ್ ಕೂಡಿದ ಒಂದು ತುಣುಕು ಹುಟ್ಟುತ್ತದೆ. ಅದು ತನ್ನ ಒಂದು ಆಕ್ಸಿಜನ್ನನ್ನು ನೈಟ್ರಿಕ್ ಆಕ್ಸೈಡಿಗೆ ಕೊಟ್ಟು ತಾನು ಹೈಡ್ರಾಕ್ಸಿಲ್ ಆಗುತ್ತದೆ, ನೈಟ್ರಿಕ್ ಆಕ್ಸೈಡ್ ಡೈಆಕ್ಸೈಡ್ ಆಗುತ್ತದೆ. ಬಿಸಿಲು ಆ ಡೈಆಕ್ಸೈಡನ್ನು ಒಡೆಯುತ್ತದೆ. ಸಿಡಿದುಬಂದ ಆಕ್ಸಿಜನ್ ಪರಮಾಣು ಆಕ್ಸಿಜನ್ ಅಣುವಿಗೆ ಸೇರಿ ಓಝೋನ್ ಆಗುತ್ತದೆ. ನೈಟ್ರಿಕ್ ಆಕ್ಸೈಡ್ ಮತ್ತೆ ಕೆಲಸಕ್ಕೆ ತಯಾರು. ನಾಕ್ಸ್ ಇಲ್ಲಿ ತಾನು ಸವೆಯುವುದಿಲ್ಲ, ಸುತ್ತು ಸುತ್ತು ದುಡಿಯುತ್ತದೆ. ನೆಲದ ಹತ್ತಿರ ಒಂದು ನಾಕ್ಸ್ ಅಣು ಸಾಯುವ ಮೊದಲು ಕೆಲವೇ ಓಝೋನ್ ಅಣುಗಳನ್ನು ಕೊಟ್ಟರೆ, ಮೇಲೆ ಹತ್ತಾರು ಅಣುಗಳನ್ನು ಕೊಡಬಲ್ಲದು.

ನೆಲದಲ್ಲಿ ಇನ್ನೊಂದು ವಿಚಿತ್ರವೂ ಉಂಟು. ಹೊಗೆ ದಟ್ಟವಾಗಿರುವ ಕಡೆ, ಉದಾಹರಣೆಗೆ ವಿಮಾನಗಳ ಓಡುದಾರಿಯ ಪಕ್ಕದಲ್ಲಿ, ಆಗತಾನೇ ಹೊರಬಂದ ನೈಟ್ರಿಕ್ ಆಕ್ಸೈಡ್ ಅಲ್ಲಿರುವ ಓಝೋನನ್ನೇ ತಿಂದು ಡೈಆಕ್ಸೈಡ್ ಆಗುತ್ತದೆ. ಅಲ್ಲಿ ಓಝೋನ್ ಅಳೆದರೆ ಕಡಿಮೆಯೇ ಕಾಣುತ್ತದೆ. ಇದನ್ನು ನೋಡಿ ವಿಮಾನ ನಿಲ್ದಾಣ ಓಝೋನನ್ನು ಶುಚಿ ಮಾಡುತ್ತದೆ ಎಂದುಕೊಂಡರೆ ಮೋಸ ಹೋದಂತೆ. ಆ ಗಾಳಿ ಮುಂದೆ ಸಾಗಿ ಬಿಸಿಲಿನಲ್ಲಿ ಹದವಾದ ಮೇಲೆ ತಿಂದ ಓಝೋನನ್ನು ಬಡ್ಡಿಸಮೇತ ಹಿಂದಿರುಗಿಸುತ್ತದೆ.

ಮಿಂಚು ಬಿಡುವುದು ಇಷ್ಟು, ವಿಮಾನ ಬಿಡುವುದು ಇಷ್ಟು, ಆದ್ದರಿಂದ ಓಝೋನಿನಲ್ಲಿ ಅವರವರ ಪಾಲು ಇಷ್ಟಿಷ್ಟು ಎಂದು ಭಾಗಹಾಕುವವರಿದ್ದಾರೆ. ಅದು ನಡೆಯದ ಲೆಕ್ಕ. ನಾಕ್ಸ್ ಕಡಿಮೆ ಇರುವ ಗಾಳಿಗೆ ಒಂದು ಹಿಡಿ ಸೇರಿಸಿದರೆ ಓಝೋನ್ ಜೋರಾಗಿ ಏರುತ್ತದೆ. ಈಗಾಗಲೇ ಇರುವ ಗಾಳಿಗೆ ಅದೇ ಹಿಡಿ ಸೇರಿಸಿದರೆ ಏರಿಕೆ ಮಂದ. ತೀರಾ ಹೆಚ್ಚಿದ್ದರೆ ನಾಕ್ಸ್ ಹೈಡ್ರಾಕ್ಸಿಲನ್ನು ಕಟ್ಟಿಹಾಕಿ ತಯಾರಿಯನ್ನೇ ಕುಗ್ಗಿಸುತ್ತದೆ. ಆದ್ದರಿಂದ ವಾಯುಮಂಡಲದ ಕಂಪ್ಯೂಟರ್ ಮಾದರಿಗಳಲ್ಲಿ ಮಿಂಚನ್ನು ಹೆಚ್ಚಿಗೆ ಇಟ್ಟರೆ ವಿಮಾನದ ಪರಿಣಾಮ ಕಡಿಮೆ ಬರುತ್ತದೆ, ಮಿಂಚನ್ನು ಕಡಿಮೆ ಇಟ್ಟರೆ ಹೆಚ್ಚು ಬರುತ್ತದೆ. ಒಂದು ವಿಮಾನವೂ ಬದಲಾಗಿರುವುದಿಲ್ಲ! ಪ್ರಕೃತಿಯ ಮೂಲ ಸಡಿಲವಾಗಿದ್ದರೆ ಮನುಷ್ಯನ ಮೂಲದ ಪರಿಣಾಮವೂ ಸಡಿಲವಾಗುತ್ತದೆ ಎಂಬ ಈ ಸಂಗತಿಯನ್ನು ವಿಮಾನದ ಪರ ಮಾತನಾಡುವವರೂ ವಿರುದ್ಧ ಮಾತನಾಡುವವರೂ ಸಮನಾಗಿ ಮರೆಯುತ್ತಾರೆ.

ಇನ್ನು ನಾಶದ ಕಥೆ. ವಾಯುಮಂಡಲದ ಓಝೋನಿನ ಸುಮಾರು ಶೇಕಡ 90ರಷ್ಟು ಇರುವುದು ಸಮೋಷ್ಣ ಮಂಡಲದಲ್ಲಿ (ಸ್ಟ್ರಾಟೋಸ್ಫಿಯರ್), ಎಂದರೆ ಮಳೆ ಮೋಡಗಳ ಪದರಕ್ಕೆ ಮೇಲಿನ ಪದರದಲ್ಲಿ. ಅಲ್ಲಿ ಹೆಚ್ಚು ಎತ್ತರಕ್ಕೆ ಹೋದಂತೆ ನೇರಳಾತೀತ ಕಿರಣಗಳಿಂದ ಬಿಡಿ ಆಕ್ಸಿಜನ್ ಪರಮಾಣುಗಳು ಧಾರಾಳವಾಗಿ ಸಿಗುತ್ತವೆ, ಮತ್ತು ನಾಕ್ಸ್ ತನ್ನ ಸುತ್ತಾಟದ ದಿಕ್ಕನ್ನೇ ತಿರುಗಿಸುತ್ತದೆ. ನೈಟ್ರಿಕ್ ಆಕ್ಸೈಡ್ ಒಂದು ಓಝೋನನ್ನು ಒಡೆಯುತ್ತದೆ. ಹಾಗಾದ ಡೈಆಕ್ಸೈಡ್ ಬಿಡಿ ಆಕ್ಸಿಜನ್ನನ್ನು, ಎಂದರೆ ಮುಂದೆ ಓಝೋನ್ ಆಗಬೇಕಿದ್ದುದನ್ನು, ನುಂಗಿ ಮತ್ತೆ ನೈಟ್ರಿಕ್ ಆಕ್ಸೈಡ್ ಆಗುತ್ತದೆ. ಇದನ್ನು 1970ರಲ್ಲಿ ತೋರಿಸಿಕೊಟ್ಟವರು ವಾಯುಮಂಡಲ ರಸಾಯನವಿಜ್ಞಾನಿ ಪೌಲ್ ಕ್ರುಟ್ಸೆನ್. 1995ರಲ್ಲಿ ಮೊಲಿನಾ ಮತ್ತು ರೌಲೆಂಡ್ ಜೊತೆ ಅವರಿಗೆ ನೊಬೆಲ್ ಬಂತು.

ಆ ಹೊತ್ತಿಗೆ ಅಮೆರಿಕದಲ್ಲಿ ಶಬ್ದಾತೀತ ಪ್ರಯಾಣಿಕ ವಿಮಾನಗಳ ದೊಡ್ಡ ಯೋಜನೆ ನಡೆದಿತ್ತು. ಇಂಥ 500 ವಿಮಾನಗಳು ಸಮೋಷ್ಣ ಮಂಡಲದಲ್ಲಿ ಹಾರಾಡಿದರೆ ಅವುಗಳ ನಾಕ್ಸ್ ಓಝೋನ್ ಕವಚವನ್ನು ಅರ್ಧಕ್ಕೆ ಇಳಿಸಬಹುದು ಎಂದು ಅಲ್ಲಿನ ರಸಾಯನವಿಜ್ಞಾನಿ ಹೆರಾಲ್ಡ್ ಜಾನ್ಸ್‌ಟನ್ 1971ರಲ್ಲಿ ಲೆಕ್ಕ ಹಾಕಿದರು. ಈ ಲೆಕ್ಕವೇ ಯೋಜನೆಯನ್ನು ಮುಗಿಸಿತು ಎಂಬ ಕಥೆ ಚೆನ್ನಾಗಿದೆ, ಆದರೆ ದಿನಾಂಕಗಳು ಒಪ್ಪುವುದಿಲ್ಲ. ಅಮೆರಿಕದ ಸಂಸತ್ತು ಹಣ ನಿಲ್ಲಿಸಿದ್ದು 1971ರ ಮಾರ್ಚ್‌ನಲ್ಲಿ, ಜಾನ್ಸ್‌ಟನ್ ಅವರ ಪ್ರಬಂಧ ಅಚ್ಚಾದದ್ದು ಅದೇ ವರ್ಷದ ಆಗಸ್ಟ್‌ನಲ್ಲಿ. ಖರ್ಚು ಮತ್ತು ಸದ್ದು ಯೋಜನೆಯನ್ನು ಆಗಲೇ ಸೋಲಿಸಿದ್ದವು. ಬ್ರಿಟನ್ ಮತ್ತು ಫ್ರಾನ್ಸ್ ಕೂಡಿ ಕಟ್ಟಿದ ಕಾಂಕಾರ್ಡ್ ವಿಮಾನಗಳೂ ಒಟ್ಟು 20ರಲ್ಲೇ ನಿಂತವು.

ಕಥೆ ಅಲ್ಲಿಗೂ ಮುಗಿಯಲಿಲ್ಲ. 1977ರಲ್ಲಿ ಹೋವರ್ಡ್ ಮತ್ತು ಇವೆನ್ಸನ್ ಒಂದು ಕ್ರಿಯೆಯ ವೇಗವನ್ನು ಪ್ರಯೋಗಶಾಲೆಯಲ್ಲಿ ನೇರವಾಗಿ ಅಳೆದರು. ಮೇಲೆ ಹೇಳಿದೆನಲ್ಲ, ಹೈಡ್ರೋಜನ್–ಆಕ್ಸಿಜನ್ ತುಣುಕು ನೈಟ್ರಿಕ್ ಆಕ್ಸೈಡಿಗೆ ಆಕ್ಸಿಜನ್ ಕೊಡುವುದು, ಅದೇ ಕ್ರಿಯೆ. ಅಲ್ಲಿಯವರೆಗೆ ನಂಬಿದ್ದಕ್ಕಿಂತ ಅದು ಹತ್ತಾರು ಪಟ್ಟು ವೇಗವಾಗಿತ್ತು. ಒಂದೇ ಅಂಕಿ ಬದಲಾದದ್ದಕ್ಕೆ ಶಬ್ದಾತೀತ ವಿಮಾನಗಳ ಅಪಾಯ ಮಾದರಿಗಳಲ್ಲಿ ಕುಸಿಯಿತು, ಕೆಲವು ಲೆಕ್ಕಗಳಲ್ಲಿ ನಷ್ಟ ಹೋಗಿ ಸಣ್ಣ ಲಾಭವೇ ಬಂತು. ಮುಂದಿನ ವರ್ಷಗಳಲ್ಲಿ ಇತರ ಕ್ರಿಯೆಗಳ ಅಳತೆ ಸುಧಾರಿಸಿದಂತೆ ಅದು ಮತ್ತೆ ನಷ್ಟದ ಕಡೆಗೆ ವಾಲಿತು. ನೀವು ಓದಿದ ಎರಡು ವಿರುದ್ಧ ಮಾತುಗಳಲ್ಲಿ ಒಂದು ಈ ಕಾಲದ್ದೇ ಇರಬೇಕು. ಇಂದಿನ ತಿಳಿವಳಿಕೆಯಲ್ಲಿ ತಿರುವು ಇರುವುದು ಸುಮಾರು 15 ಕಿಲೋಮೀಟರ್ ಎತ್ತರದ ಆಸುಪಾಸಿನಲ್ಲಿ. ಅಕ್ಷಾಂಶಕ್ಕೂ ಋತುವಿಗೂ ತಕ್ಕಂತೆ ಅದು ಮೇಲೆ ಕೆಳಗೆ ಸರಿಯುತ್ತದೆ. ಅದಕ್ಕಿಂತ ಕೆಳಗೆ ನಾಕ್ಸ್ ಓಝೋನ್ ಕಟ್ಟುತ್ತದೆ, ಬಹಳ ಮೇಲೆ ಕೆಡವುತ್ತದೆ.

ಹಾಗಾದರೆ ಇಂದಿನ ಸಾಮಾನ್ಯ ವಿಮಾನಗಳು ಸಮೋಷ್ಣ ಮಂಡಲವನ್ನು ಮುಟ್ಟುವುದೇ ಇಲ್ಲವೇ? ಮುಟ್ಟುತ್ತವೆ. ಪರಿವರ್ತನ ಮಂಡಲದ, ಎಂದರೆ ಮಳೆ ಮೋಡಗಳಿರುವ ಕೆಳಗಿನ ಪದರದ, ಚಾವಣಿ ಭೂಮಧ್ಯರೇಖೆಯ ಬಳಿ 16–18 ಕಿಲೋಮೀಟರ್ ಎತ್ತರದಲ್ಲಿದ್ದರೆ ಧ್ರುವಗಳ ಬಳಿ 8–9ಕ್ಕೇ ಇಳಿದಿರುತ್ತದೆ. ಉತ್ತರದ ದಾರಿಗಳಲ್ಲಿ ವಿಮಾನ ಎಷ್ಟೋ ಸಲ ಚಾವಣಿಯ ಮೇಲೆಯೇ ಹಾರುತ್ತಿರುತ್ತದೆ. 1970ರ ದಶಕದಲ್ಲಿ ದೂರದ ವಿಮಾನಗಳ ಪ್ರಯಾಣಿಕರೂ ಸಿಬ್ಬಂದಿಯೂ ಕೆಮ್ಮು, ಎದೆ ಉರಿ ಎಂದು ದೂರಿದಾಗ ಕಾರಣ ಗೊತ್ತಾದದ್ದು ಹೀಗೆ. ಹೊರಗಿನ ಓಝೋನ್ ಕ್ಯಾಬಿನ್ನಿನ ಒಳಗೆ ಬರುತ್ತಿತ್ತು. ಈಗ ಅದನ್ನು ಒಡೆಯುವ ವೇಗವರ್ಧಕಗಳನ್ನು ಗಾಳಿಯ ಕೊಳವೆಯಲ್ಲಿ ಕೂರಿಸುತ್ತಾರೆ. ಆದರೆ ಅದು ಸಮೋಷ್ಣ ಮಂಡಲದ ತಳ ಮಾತ್ರ, ಓಝೋನ್ ನಾಶದ ಸುತ್ತು ಜೋರಾಗಿರುವ ಎತ್ತರ ಅಲ್ಲ.

ಆ ಎತ್ತರದ ನಾಕ್ಸ್ ಬಹುಪಾಲು ಬರುವುದು ಮಿಂಚಿನಿಂದಲೂ ಅಲ್ಲ, ವಿಮಾನದಿಂದಲೂ ಅಲ್ಲ, ಮತ್ತೆ ಮಣ್ಣಿನಿಂದ! ಸೂಕ್ಷ್ಮಜೀವಿಗಳು ಬಿಡುವ ಇನ್ನೊಂದು ಅನಿಲ ನೈಟ್ರಸ್ ಆಕ್ಸೈಡ್. ಇದು ನಾಕ್ಸ್ ಅಲ್ಲ, ಕೆಳಗಿನ ಗಾಳಿಯಲ್ಲಿ ಯಾರ ಜೊತೆಗೂ ಸೇರದೆ ನೂರಕ್ಕೂ ಹೆಚ್ಚು ವರ್ಷ ಬದುಕುತ್ತದೆ. ನಿಧಾನವಾಗಿ ಮೇಲೇರಿ ಸಮೋಷ್ಣ ಮಂಡಲದಲ್ಲಿ ಒಡೆಯುವಾಗ ಅದರ ಒಂದು ಸಣ್ಣ ಪಾಲು ನೈಟ್ರಿಕ್ ಆಕ್ಸೈಡ್ ಆಗುತ್ತದೆ. ರಸಗೊಬ್ಬರ, ಸೆಗಣಿಗೊಬ್ಬರಗಳಿಂದಾಗಿ ಗಾಳಿಯಲ್ಲಿ ಇದರ ಪ್ರಮಾಣ ನೂರು ಕೋಟಿಗೆ 270 ಭಾಗದಿಂದ 330 ದಾಟಿದೆ. ಫ್ರಿಜ್‌ಗಳಲ್ಲಿ ಬಳಸುತ್ತಿದ್ದ ಕ್ಲೋರೋಫ್ಲೂರೋಕಾರ್ಬನ್‌ಗಳು ಹತೋಟಿಗೆ ಬಂದ ಮೇಲೆ ಈಗ ಹೊರಬೀಳುತ್ತಿರುವವುಗಳಲ್ಲಿ ಓಝೋನ್ ಕವಚಕ್ಕೆ ಅತಿ ಹೆಚ್ಚು ಕೇಡು ಮಾಡುವುದು ಇದೇ ಎಂದು ಎ. ಆರ್. ರವಿಶಂಕರ ಮತ್ತು ಸಂಗಡಿಗರು 2009ರಲ್ಲಿ ತೋರಿಸಿದರು. ಕವಚದ ಚಿಂತೆಯೇ ಮುಖ್ಯವಾದರೆ ಆಕಾಶದ ವಿಮಾನಕ್ಕಿಂತ ಹೊಲದ ಗೊಬ್ಬರದ ಕಡೆ ನೋಡಿ ಎಂದೇ ನಾನು ಹೇಳುವುದು.

ವಿಮಾನದ ನಾಕ್ಸ್ ಬಗ್ಗೆ ಇಂದಿನ ಮುಖ್ಯ ಆತಂಕ ಕವಚದ್ದಲ್ಲ, ತಾಪಮಾನದ್ದು. 10–12 ಕಿಲೋಮೀಟರ್ ಎತ್ತರದ ಗಾಳಿ ಬಹಳ ತಣ್ಣಗಿರುವುದರಿಂದ ಅಲ್ಲಿ ಹೆಚ್ಚಾದ ಓಝೋನ್ ನೆಲದ ಬಳಿ ಹೆಚ್ಚಾದುದಕ್ಕಿಂತ ಬಲವಾಗಿ ಶಾಖವನ್ನು ಹಿಡಿದಿಡುತ್ತದೆ. ಇದಕ್ಕೆ ಒಂದು ಪ್ರತಿಪಾಲೂ ಇದೆ. ನಾಕ್ಸ್ ಹೈಡ್ರಾಕ್ಸಿಲನ್ನು ಹೆಚ್ಚಿಸುತ್ತದೆ, ಹೈಡ್ರಾಕ್ಸಿಲ್ ಮಿಥೇನನ್ನು ಬೇಗ ಮುಗಿಸುತ್ತದೆ, ಅದರಿಂದ ಸ್ವಲ್ಪ ತಂಪು. ಓಝೋನಿನ ಬಿಸಿ ವಾರಗಳಲ್ಲಿ ಬಂದು ತಿಂಗಳುಗಳಲ್ಲಿ ಹೋಗುತ್ತದೆ, ಮಿಥೇನ್ ಇಳಿಕೆಯ ತಂಪು ಹತ್ತಾರು ವರ್ಷ ಮೆಲ್ಲಗೆ ಎಳೆಯುತ್ತದೆ. ಎರಡನ್ನೂ ಕೂಡಿಸಿ ಕಳೆದಾಗ 2018ರ ಮಟ್ಟಿಗೆ ಚದರ ಮೀಟರಿಗೆ ಸುಮಾರು 17 ಮಿಲಿವ್ಯಾಟ್ ಬಿಸಿ ಉಳಿಯುತ್ತದೆ ಎಂಬುದು 2021ರಲ್ಲಿ ಪ್ರಕಟವಾದ ದೊಡ್ಡ ಮೌಲ್ಯಮಾಪನದ ಉತ್ತರ. ವಿಮಾನಯಾನದ ಇಂಗಾಲದ ಡೈಆಕ್ಸೈಡಿನದು 34, ವಿಮಾನದ ಹಿಂದೆ ಮೂಡುವ ಬಿಳಿ ಗೆರೆಗಳು ಮತ್ತು ಅವುಗಳಿಂದ ಹರಡುವ ಮೋಡದ್ದು 57. ಆದರೆ ಆ 17ರ ಸುತ್ತಲಿನ ಅನಿಶ್ಚಿತತೆ ಬಹುತೇಕ ಸೊನ್ನೆಯಿಂದ 28ರವರೆಗೆ ಚಾಚಿದೆ. ದೊಡ್ಡ ಎರಡು ಸಂಖ್ಯೆಗಳನ್ನು ಒಂದರಿಂದ ಒಂದು ಕಳೆದು ಉಳಿದ ಸಣ್ಣ ಸಂಖ್ಯೆಯ ಹಣೆಬರಹವೇ ಅದು.

2020ರಲ್ಲಿ ಯಾರೂ ಬಯಸದ ಒಂದು ಪ್ರಯೋಗ ನಡೆದುಹೋಯಿತು. ವಿಮಾನಗಳು ನಿಂತವು, ರಸ್ತೆಗಳೂ ಖಾಲಿಯಾದವು. ಆ ವಸಂತ ಮತ್ತು ಬೇಸಿಗೆಯಲ್ಲಿ ಉತ್ತರ ಗೋಳಾರ್ಧದ ಮಧ್ಯ ಮತ್ತು ಮೇಲಿನ ಅಕ್ಷಾಂಶಗಳಲ್ಲಿ, 1ರಿಂದ 8 ಕಿಲೋಮೀಟರ್‌ಗಳ ನಡುವೆ, ಬಲೂನುಗಳೂ ನೆಲದ ಉಪಕರಣಗಳೂ ವಾಡಿಕೆಗಿಂತ ಸುಮಾರು ಶೇಕಡ 7ರಷ್ಟು ಕಡಿಮೆ ಓಝೋನ್ ಕಂಡವು. ಮಿಂಚು, ಮಣ್ಣು, ಕಾಡ್ಗಿಚ್ಚುಗಳಿಗೆ ಲಾಕ್‌ಡೌನ್ ಇರಲಿಲ್ಲ ಎಂಬುದನ್ನು ನಿಮ್ಮ ಗೆಳೆಯರಿಗೆ ನೆನಪಿಸಬಹುದು. ಆದರೆ ಪೂರ್ತಿ 7ನ್ನೂ ವಿಮಾನದ ತಲೆಗೆ ಕಟ್ಟಬೇಡಿ, ಅದರಲ್ಲಿ ವಾಹನ ಮತ್ತು ಕಾರ್ಖಾನೆಗಳ ಪಾಲೂ ಸೇರಿದೆ.

ನಿಯಮಗಳು ಈ ಎತ್ತರದ ಮಾತನ್ನು ಇನ್ನೂ ಸರಿಯಾಗಿ ಕೇಳಿಸಿಕೊಂಡಿಲ್ಲ ಎಂಬುದು ನನ್ನ ಹಳೆಯ ತಕರಾರು. ಎಂಜಿನ್‌ಗಳ ನಾಕ್ಸ್‌ಗೆ ಅಂತರರಾಷ್ಟ್ರೀಯ ಮಿತಿಗಳಿವೆ, ಕಾಲಕಾಲಕ್ಕೆ ಬಿಗಿಯಾಗಿಯೂ ಇವೆ. ಆದರೆ ಅವು ಅಳೆಯುವುದು ಏರುವಾಗ ಇಳಿಯುವಾಗ 3,000 ಅಡಿಯವರೆಗೆ ಬಿಟ್ಟದ್ದನ್ನು, ಎಂದರೆ ನಿಲ್ದಾಣದ ನೆರೆಹೊರೆಯವರ ಉಸಿರಿಗೆ ಸಂಬಂಧಿಸಿದ್ದನ್ನು. ಉಳಿದದ್ದು, ಹತ್ತರಲ್ಲಿ ಒಂಬತ್ತು ಪಾಲು, ಆ ಅಳತೆಯ ಹೊರಗೆ. ಕೆಳಗೆ ಕಡಿಮೆ ಮಾಡಿದ ಎಂಜಿನ್ ಮೇಲೂ ಕಡಿಮೆ ಮಾಡುತ್ತದೆ ಎಂಬ ನಂಬಿಕೆ ಬಹುಮಟ್ಟಿಗೆ ನಡೆಯುತ್ತದೆ, ಎಲ್ಲ ಬಗೆಯ ದಹನ ಕೋಣೆಗೂ ಅಲ್ಲ. ಇದರ ಮೇಲೆ ಒಂದು ಹಗ್ಗಜಗ್ಗಾಟವೂ ಇದೆ. ಎಂಜಿನ್ನಿನ ಒತ್ತಡವನ್ನೂ ಬಿಸಿಯನ್ನೂ ಏರಿಸಿದಷ್ಟೂ ಇಂಧನ ಉಳಿಯುತ್ತದೆ, ಆ ಏರಿದ ಬಿಸಿಯೇ ನೈಟ್ರೋಜನ್ನಿನ ಮೂರೆಳೆಯನ್ನು ಬಿಡಿಸುತ್ತದೆ.

ಹೈಡ್ರೋಜನ್ ವಿಮಾನದ ಬಗ್ಗೆ ಕೇಳಿದ್ದೀರಿ. ಜೆಟ್ ಇಂಧನದಲ್ಲಿ ನೈಟ್ರೋಜನ್ ಇಲ್ಲವೆನ್ನುವಷ್ಟು ಕಡಿಮೆ. ನಾಕ್ಸ್ ಬರುವುದು ಇಂಧನದಿಂದಲ್ಲ, ಅದನ್ನು ಉರಿಸಲು ಒಳಗೆಳೆದುಕೊಂಡ ಗಾಳಿಯಿಂದ. ಹೈಡ್ರೋಜನ್ನನ್ನು ಎಂಜಿನ್ನಿನಲ್ಲಿ ಉರಿಸಿದರೆ ಇಂಗಾಲದ ಡೈಆಕ್ಸೈಡ್ ಹೋಗುತ್ತದೆ, ನಾಕ್ಸ್ ಉಳಿಯುತ್ತದೆ. ಸಸ್ಯಮೂಲದ ಇಂಧನಕ್ಕೂ ಇದೇ ಮಾತು. ಹೈಡ್ರೋಜನ್ ತೀರಾ ತೆಳುವಾದ ಮಿಶ್ರಣದಲ್ಲೂ ಉರಿಯಬಲ್ಲದು, ಆ ಗುಣವನ್ನು ಬಳಸಿ ಜ್ವಾಲೆಯ ಬಿಸಿಯನ್ನು ಇಳಿಸಿ ನಾಕ್ಸನ್ನು ತಗ್ಗಿಸುವ ದಹನ ಕೋಣೆ ಕಟ್ಟಬಹುದು. ಜ್ವಾಲೆಯೇ ಇಲ್ಲದ ಇಂಧನ ಕೋಶದಲ್ಲಿ ಹೈಡ್ರೋಜನ್ನಿನಿಂದ ವಿದ್ಯುತ್ ತೆಗೆದು ಪ್ರೊಪೆಲ್ಲರ್ ತಿರುಗಿಸಿದರೆ ಮಾತ್ರ ನಾಕ್ಸ್ ಹುಟ್ಟುವುದಿಲ್ಲ. ಅಂಥ ಸಣ್ಣ ವಿಮಾನಗಳು ಪರೀಕ್ಷೆಗಾಗಿ ಹಾರಿವೆ. ಅಟ್ಲಾಂಟಿಕ್ ದಾಟುವ ಗಾತ್ರದ್ದಕ್ಕೆ ಬೇಕಾದ ಶಕ್ತಿಯನ್ನು ಈ ಕೋಶಗಳಿಂದ ತೆಗೆಯುವುದು ಸದ್ಯಕ್ಕೆ ತೂಕದ ಲೆಕ್ಕದಲ್ಲೇ ಸೋಲುತ್ತದೆ.